ಕಸ್ತೂರಮ್ಮನವರ ಒಂದೊತ್ತು

ಎಲೆಯ ಮೇಲೆ ಅಡ್ಡಗೈ ಹಿಡಿದು ‘ಸಾಕು’ ಎಂದವರ ಬೆರಳ ಸಂದಿಯಿಂದಲೇ ಹೋಳಿಗೆಗೆ ತುಪ್ಪ ಸುರಿಯುವ ಚನ್ನಗಿರಿಯ ಕಸ್ತೂರಮ್ಮನವರು ತಾವು ಊಟಕ್ಕೆ ಕೂತದ್ದನ್ನು ಕಂಡವರು ಮಾತ್ರ ಬಹಳ ಕಡಿಮೆ. ಎಲ್ಲರದೂ ಮುಗಿದ ಮೇಲೆ ಅಡಿಗೆಮನೆಯ ಬಾಗಿಲ ಮರೆಯಲ್ಲಿ, ಗೋಡೆಗೆ ಮುಖ ಮಾಡಿ, ಅವಸರದಲ್ಲಿ ತುತ್ತು ನುಂಗುವುದು ಅವರ ಜನ್ಮದ ಅಭ್ಯಾಸ. ಸ್ಥೂಲಕಾಯದ ಹೆಂಗಸು ತಿನ್ನುವುದನ್ನು ಜನ ಕಣ್ಣಲ್ಲೇ ಅಳೆಯುತ್ತಾರೆಂಬ ಸಂಕೋಚ ಅವರ ಬೆನ್ನು ಬಿಟ್ಟದ್ದೇ ಇಲ್ಲ.

ಮೊಣಕಾಲು ಹಿಡಿದು, ಸಕ್ಕರೆ ಕಾಯಿಲೆಯೂ ಏರಿದಾಗ ದಾವಣಗೆರೆಯ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಹಸಿವು ಕುಗ್ಗುತ್ತದೆ, ತೂಕ ಇಳಿಯುತ್ತದೆ, ಹಾಗೆಂದು ಊಟ ಬಿಡಬಾರದು. ತಿನ್ನುವ ಸ್ವಲ್ಪದಲ್ಲೇ ಮೊದಲು ಕಾಳು, ಬೇಳೆ, ಮೊಸರು ಹೊಟ್ಟೆಗೆ ಹೋಗಬೇಕು, ನೀರು ಮರೆಯಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದರು. ಕಸ್ತೂರಮ್ಮ ಸೂಜಿಯನ್ನು ನಿಷ್ಠೆಯಿಂದ ಹಿಡಿದರು, ಮಾತನ್ನು ಅಲ್ಲೇ ಬಿಟ್ಟು ಬಂದರು.

ಶ್ರಾವಣದ ಸೋಮವಾರ ಪಕ್ಕದ ಮನೆಯ ಪ್ರಮೀಳಾ ಉಪ್ಪಿಟ್ಟು ತಂದಾಗ ಹೊಟ್ಟೆ ತೊಳಸುತ್ತಿತ್ತು. ಇಂಜೆಕ್ಷನ್ ಎನ್ನಲು ನಾಲಿಗೆ ಬಾರದೆ ಉಪವಾಸ ಎಂದುಬಿಟ್ಟರು. ಮರುದಿನ ಅದೇ ಸುಳ್ಳು ಬೆಳೆದು ಒಂದೊತ್ತಿನ ವ್ರತವಾಯಿತು, ಶ್ರಾವಣ ಮುಗಿದರೂ ಮುಗಿಯಲಿಲ್ಲ. ದೇವರಿಗೇ ಗೊತ್ತಿಲ್ಲದ ಆ ವ್ರತಕ್ಕೆ ಊರೆಲ್ಲ ಸಾಕ್ಷಿ! ಎದುರಾದ ಹೆಂಗಸರು ಬಗ್ಗಿ ಕಾಲು ಮುಟ್ಟುವಾಗ ಕಸ್ತೂರಮ್ಮ ಪಾದಗಳನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಳ್ಳುತ್ತಿದ್ದರು. ಜನ ಅದನ್ನೂ ವಿನಯವೆಂದೇ ತಿಳಿದರು. ಜೋಲುವ ರವಿಕೆಯ ತೋಳಿಗೆ ಪಿನ್ನು ಬಂತು, ಬಾಚಣಿಗೆ ತುಂಬ ಕೂದಲು ಬಂತು, ನಾಲ್ಕು ಮೆಟ್ಟಿಲು ಹತ್ತಲು ಗೋಡೆಯ ಆಸರೆ ಬೇಕಾಯಿತು. ಸೊರಗಿದ ಮೈಗಿಂತ ಆ ನಮಸ್ಕಾರಗಳೇ ಅವರನ್ನು ಹೆಚ್ಚು ಹಣಿದವು.

ಊರಿನ ಹೆಂಗಸರ ಸಂಘವಾದ ಅಕ್ಕನ ಬಳಗದವರು ವ್ರತಕ್ಕೆಂದು ಸನ್ಮಾನ, ಊಟ ಇಟ್ಟುಕೊಂಡ ದಿನ, ಶಾಲು ಬರುವ ಮೊದಲು ಪ್ರಮೀಳಾರ ಸೊಸೆ ಆಶಾ ಹತ್ತಿರ ಬಂದು ಕೂತಳು. ಅವಳ ಕಣ್ಣು ಗುಳಿ ಬಿದ್ದಿದ್ದವು. ಮಡಿಲಲ್ಲಿದ್ದ ಕೈಗೂಸು ಒಂದೇ ಸಮ ಅಳುತ್ತಿತ್ತು.

“ನಿಮ್ಮನ್ನ ನೋಡಿ ನಾನೂ ಒಂದೊತ್ತು ಹಿಡಿದೀನಿ ದೊಡ್ಡಮ್ಮ. ಕೂಸಿಗೆ ಹಾಲು ಸಾಲ್ತಿಲ್ಲ. ನೀವು ಹೆಂಗೆ ತಡ್ಕೊಂಡ್ರಿ?”

ಕಸ್ತೂರಮ್ಮನವರ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಹೊದಿಸಲು ಬಂದ ಶಾಲನ್ನು ಎರಡೂ ಕೈಯಿಂದ ತಡೆದು, ಎಲ್ಲರಿಗೂ ಕೇಳುವಂತೆ ಆಶಾಳಿಗೇ ಹೇಳಿದರು:

“ನಂದು ಉಪಾಸ ಅಲ್ಲ ಕಣಮ್ಮ. ತೂಕ ಇಳಿಯಾಕೆ ಸೂಜಿ ಚುಚ್ಕೊಂತೀನಿ, ಅದಕ್ಕೆ ಹಸಿವೇ ಆಗಲ್ಲ. ಹೇಳಾಕೆ ನಾಚಿಕೆ ಆಗಿ ಶಿವನ ಹೆಸರು ಹೇಳಿದೆ. ನೀನು ಉಣ್ಣು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರಮೀಳಾ ಎದ್ದು ಸೊಸೆಗೆ ಎಲೆ ಹಾಕಿದರು. ಅದರ ಪಕ್ಕದಲ್ಲೇ, ಮೊದಲ ಪಂಕ್ತಿಯಲ್ಲೇ ಕಸ್ತೂರಮ್ಮ ಕೂತರು. ಅನ್ನ ಬೇಡವೆಂದು ಹೆಸರುಕಾಳಿನ ಪಲ್ಯ ಹಾಕಿಸಿಕೊಂಡರು. ಹಸಿವಿಲ್ಲದ ಗಂಟಲಲ್ಲಿ ತುತ್ತು ತುತ್ತೂ ನಿಂತು ನಿಂತು ಇಳಿಯಿತು. ನೋಡುವ ಕಣ್ಣುಗಳು ಅವರಿಗೆ ಗೊತ್ತಿದ್ದವು; ಕಿವಿ ಕೆಂಪಾಗಿದ್ದರೂ ಆಶಾಳ ಊಟ ಮುಗಿಯುವ ತನಕ ಏಳಲಿಲ್ಲ.

ಆಮೇಲೆ ಅವರ ಕಾಲು ಮುಟ್ಟಿದವರಿಲ್ಲ. ಸೂಜಿ ನಡೆದಿದೆ, ಕಾಳು ಮೊಸರೂ ನಡೆದಿವೆ, ನಾಚಿಕೆಯೂ ಪೂರ್ತಿ ಹೋಗಿಲ್ಲ. ಹಸಿದದ್ದಕ್ಕೂ ನಾಚಿ, ಹಸಿಯದ್ದಕ್ಕೂ ನಾಚುವ ಇಂಥ ತಾಯಂದಿರು ನಮ್ಮ ಮನೆಮನೆಯಲ್ಲೂ ಇದ್ದಾರೆ. ಊರಿಗೆಲ್ಲ ಕೈಯೆತ್ತಿ ಬಡಿಸುವ ಇವರು, ತಮ್ಮ ತುತ್ತನ್ನು ಮಾತ್ರ ಕದ್ದವರಂತೆ ಉಣ್ಣುತ್ತಾರೆ.