ಹತ್ತಕ್ಕೆ ನಾಲ್ಕು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? "ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಹೊಳೆಯುತ್ತಿತ್ತು" ಎಂದು ಬರೆದು ನೋಡಿದೆ. ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. (ಕಂಪ್ಯೂಟರಿನಲ್ಲಿ ಬರೆಯುವವನು ಹರಿಯುವುದೇನನ್ನು? ಇರಲಿ, ಕೋಪಕ್ಕೆ ಒಂದು ಕ್ರಿಯಾಪದ ಬೇಕಲ್ಲ.)

ಕುರ್ಚಿಯಿಂದ ಶುರು ಮಾಡುತ್ತೇನೆ. ಬೂಟು ತೊಳೆಯುವ ನಲ್ಲಿಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಟ್ಯಾಬ್ ಹಿಡಿದು ಕೂತವಳು ಈ ವೃತ್ತಿಪರ ಮಹಿಳಾ ಫುಟ್‌ಬಾಲ್ ತಂಡದ ಕ್ರೀಡಾ ವಿಜ್ಞಾನಿ. ಆಟಗಾರ್ತಿಯರ ಬಾಯಲ್ಲಿ ಮೀಟರ್ ಮೇಡಂ. ಪ್ರ್ಯಾಕ್ಟೀಸ್ ಮುಗಿದು ಅರ್ಧ ಗಂಟೆಯಾದ ಮೇಲೆ ಒಬ್ಬೊಬ್ಬರನ್ನೇ ಕರೆದು ಅವಳು ಕೇಳುವುದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಕಷ್ಟ ಆಯ್ತು? ಹತ್ತಕ್ಕೆ ಎಷ್ಟು?"

ಸೊನ್ನೆ ಎಂದರೆ ಸೋಫಾದ ಮೇಲೆ ಕಾಲು ಚಾಚಿದ ಸುಖ. ಹತ್ತು ಎಂದರೆ ಇನ್ನೊಂದು ಹೆಜ್ಜೆ ಇಟ್ಟರೆ ಪ್ರಾಣವೇ ಹೋಗುತ್ತದೆ ಅನ್ನುವ ಸ್ಥಿತಿ.

2

ಹಾಗೆ ನೋಡಿದರೆ ಕೇಳುವ ಅಗತ್ಯವೇ ಇಲ್ಲ. ಪ್ರತಿಯೊಬ್ಬಳ ಬೆನ್ನ ಮೇಲೂ ವೆಸ್ಟಿನ ಪುಟ್ಟ ಜೇಬಿನಲ್ಲಿ ಒಂದು ಜಿಪಿಎಸ್ ಡಬ್ಬಿ ಇದೆ, ಎದೆಗೊಂದು ಪಟ್ಟಿ ಇದೆ. ಎಷ್ಟು ದೂರ ಓಡಿದಳು, ಎಷ್ಟು ಸಲ ಗಕ್ಕನೆ ನಿಂತಳು, ಹೃದಯ ಎಷ್ಟು ಬಡಿಯಿತು, ಎಲ್ಲ ಟ್ಯಾಬಿನೊಳಗೆ. ಮತ್ತೆ ಬಾಯಿಬಿಡಿಸುವುದು ಏಕೆ? ನಾನೂ ಕೇಳಿದೆ.

"ಡಬ್ಬಿಗೆ ಮೈ ಗೊತ್ತು ಸರ್. ರಾತ್ರಿ ನಿದ್ದೆ ಬಂತಾ, ಮನೇಲಿ ಜಗಳ ಆಯ್ತಾ, ಅದೆಲ್ಲ ಅದಕ್ಕೇನು ಗೊತ್ತು?" ಎಂದಳು ಮೀಟರ್ ಮೇಡಂ.

(ಸಂಶೋಧನೆಯ ಹೆಸರಿನಲ್ಲಿ ನಾನೂ ವೆಸ್ಟ್ ತೊಟ್ಟು ಎರಡು ಸುತ್ತು ಓಡಿದೆ. ಕಣ್ಣು ಕತ್ತಲೆ ಬಂತು. ಅವಳು ಟ್ಯಾಬ್ ನೋಡಿ, "ಸರ್, ನೀವು ನಡೀತಿದ್ರಾ?" ಎಂದಳು. ಅಲ್ಲಿಗೆ ಸಂಶೋಧನೆ ಮುಗಿಯಿತು.)

3

ಈಗ ಕಥೆಯ ನಾಯಕಿ. ಡಿಫೆಂಡರ್, ಮೂವತ್ನಾಲ್ಕು ವರ್ಷ, ಅಡ್ಡಹೆಸರು ಗೋಡೆ. ಶನಿವಾರ ಫೈನಲ್. ಅಲ್ಲಿಗೆ ಅವಳ ಕಾಂಟ್ರ್ಯಾಕ್ಟೂ ಮುಗಿಯುತ್ತದೆ. ಫೈನಲ್ ದಿನ ಬೆಂಚು ಕಾದ ಮೂವತ್ನಾಲ್ಕರ ಡಿಫೆಂಡರನ್ನು ಯಾವ ಕ್ಲಬ್ಬೂ ಮತ್ತೆ ಕರೆಯುವುದಿಲ್ಲ.

ಈ ವಾರ ಟ್ಯಾಬಿನಲ್ಲಿ ಅವಳ ಸಾಲು ಕೆಂಪು. ಅದೇ ಓಟಕ್ಕೆ ಹೃದಯ ಮೊದಲಿಗಿಂತ ಜಾಸ್ತಿ ಬಡಿಯುತ್ತಿದೆ. ಕೋಚ್ ಮಾಡಿದ ರೂಲ್ ಇದು: ಡಬ್ಬಿಯೂ ಕೆಂಪು ತೋರಿಸಿ, ಬಾಯಿಯೂ ಏಳು ಮುಟ್ಟಿದರೆ, ಬೆಂಚು. ಅದಕ್ಕೇ ಗೋಡೆ ದಿನವೂ ಕುರ್ಚಿಯ ಮುಂದೆ ನಿಂತು ಹೇಳುವುದು, "ನಾಲ್ಕು."

ಅವಳೊಬ್ಬಳೇ ಅಲ್ಲ, ಇಡೀ ತಂಡದ್ದೂ ಅದೇ ಪಾಠ. ಎರಡು ಅಂದರೆ ಮೈಗಳ್ಳಿ ಅನ್ನುತ್ತಾರೆ, ಏಳು ಅಂದರೆ ಮುಗೀತು ಇವಳ ಕತೆ ಅನ್ನುತ್ತಾರೆ. ನಾಲ್ಕು ಅಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆದರೆ ಕೋಚ್ ಆ ನಾಲ್ಕುಗಳನ್ನು ನೋಡಿ, "ಎಲ್ಲರಿಗೂ ನಾಲ್ಕೇನಾ? ಹಾಗಾದ್ರೆ ಸಾಲ್ದು," ಎಂದು ಮಾರನೇ ದಿನ ಇನ್ನಷ್ಟು ಓಡಿಸುತ್ತಾರೆ. ಇವರು ಏದುಸಿರು ಬಿಡುತ್ತಾ ಮತ್ತೆ ನಾಲ್ಕು ಅನ್ನುತ್ತಾರೆ. ಮಾಡಿದ್ದುಣ್ಣೋ ಮಾರಾಯ!

ಕಳೆದ ವಾರ ಎಡಗಡೆಯ ವಿಂಗರ್ ನಾಲ್ಕು ಎಂದು ಹೇಳಿ ಹೋದವಳು ಮಾರನೇ ದಿನ ತೊಡೆ ಹಿಡಿದುಕೊಂಡು ಬಿದ್ದಳು. ಸ್ನಾಯು ಹರಿದಿತ್ತು. ಹೊತ್ತು ತಂದವಳು ಗೋಡೆ. ಅವತ್ತಿನಿಂದ ಅವಳು ಸರಿಯಾಗಿ ಊಟ ಮಾಡಿಲ್ಲ.

4 (ರದ್ದಾದ ಡ್ರಾಫ್ಟ್)

ಗೋಡೆ ತನ್ನ ವೆಸ್ಟನ್ನು ಪಕ್ಕದ ಮನೆಯ ನಾಯಿಗೆ ಕಟ್ಟಿ ಓಡಿಸುತ್ತಾಳೆ, ಡಬ್ಬಿ ಹಸಿರಾಗುತ್ತದೆ, ಓದುಗರು ನಗುತ್ತಾರೆ. ಬರೆದು ಮುಗಿಸುವಷ್ಟರಲ್ಲಿ ಗೋಡೆ ಪುಟದೊಳಗಿಂದ ಎದ್ದು ಬಂದಳು.

"ಏನ್ರೀ ಕತೆಗಾರ್ರೇ, ಓಡೋದು ನಾಯಿ, ಹೆಸರು ನಂದಾ? ನನ್ನ ಓಟ ನಾನೇ ಓಡ್ತೀನಿ. ಅಳಿಸಿ."

ಅಳಿಸಿದೆ.

4 (ಮತ್ತೊಮ್ಮೆ)

ಶವರ್ ಕೆಳಗೆ ನಿಂತು ಗೋಡೆ ಅಮ್ಮನನ್ನು ನೆನೆದು ಬಿಕ್ಕುತ್ತಾಳೆ.

"ನಮ್ಮಮ್ಮನ್ನ ಯಾಕೆ ಎಳೀತೀರಾ? ಅವರು ಗಟ್ಟಿಮುಟ್ಟಾಗಿದ್ದಾರೆ. ನಿನ್ನೆ ಫೋನ್ ಮಾಡಿ, ಫೈನಲ್‌ಗೆ ಮುಂದಿನ ಸಾಲಲ್ಲೇ ಟಿಕೆಟ್ ಬೇಕು ಅಂತ ಜೀವ ತಿಂದ್ರು."

ಇದೂ ಹೋಯಿತು. (ನನ್ನ ಬಳಿ ಅಮ್ಮಂದಿರ ದೊಡ್ಡ ಸ್ಟಾಕ್ ಇತ್ತು. ದಂಡ.)

6

ಐದನ್ನು ಬಿಟ್ಟಿದ್ದೇನೆ. ಗುರುವಾರಕ್ಕೆ ಬೇಗ ಹೋಗಬೇಕು.

ಗುರುವಾರ ಕೋಚ್‌ಗೆ ಅವಸರ. ಎಲ್ಲರನ್ನೂ ನಲ್ಲಿಯ ಹತ್ತಿರ ಸಾಲಾಗಿ ನಿಲ್ಲಿಸಿ, "ಬೇಗ ಬೇಗ ನಂಬರ್ ಹೇಳ್ರಮ್ಮ," ಎಂದರು.

"ಒಟ್ಟಿಗೆ ಕೇಳಿದ್ರೆ ಒಬ್ಬರ ಮುಖ ನೋಡಿ ಇನ್ನೊಬ್ಬರು ಹೇಳ್ತಾರೆ ಸರ್," ಎಂದಳು ಮೀಟರ್ ಮೇಡಂ. ಕೋಚ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಗೋಲ್‌ಕೀಪರ್, "ನಾಲ್ಕು." ಪಕ್ಕದವಳು, "ನಾಲ್ಕು." ಅದರ ಪಕ್ಕದವಳು, "ನಾಲ್ಕು."

ಗೋಡೆ, "ಒಂಬತ್ತು."

ಯಾರೋ ನಲ್ಲಿ ನಿಲ್ಲಿಸಿದರು.

"ಏನಂದೆ?" ಎಂದರು ಕೋಚ್.

"ಒಂಬತ್ತು ಸರ್. ನಿನ್ನೇದು ಎಂಟು, ಮೊನ್ನೇದೂ ಎಂಟು. ನಾಲ್ಕು ಅಂತ ಸುಳ್ಳು ಹೇಳಿದ್ದೆ. ನಾವೆಲ್ಲ ಹಾಗೇ ಹೇಳಿ ಹೇಳಿ ಆ ಹುಡುಗಿ ಕಾಲು ಹೋಯ್ತು."

"ರೂಲ್ ಗೊತ್ತಲ್ವಾ ನಿಂಗೆ?"

"ಗೊತ್ತು. ನಾಳೆ ಎಲ್ಲರಿಗೂ ರೆಸ್ಟ್ ಕೊಡಿ. ಶನಿವಾರ ನಾನು ಆಡ್ತೀನಿ."

"ಒಂಬತ್ತು ಅಂದವಳು ಹೇಗಮ್ಮ ಆಡ್ತೀಯ?"

"ಕಷ್ಟ ಆಯ್ತು ಅಂದೆ ಸರ್. ಆಗಲ್ಲ ಅನ್ನಲಿಲ್ಲ."

7

ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ ಎಂದು ಓದುಗರ ಮುಂದೆ ಹರಡಿದ್ದೆ. ನಡುವೆ ಗೋಡೆ ಬಂದು ಕೂತಳು. ತಪ್ಪಾಯಿತು, ನಿಂತಳು.

ಅ) ಒಬ್ಬೊಬ್ಬರೇ ಮುಂದೆ ಬಂದು "ನಂದೂ ಒಂಬತ್ತು" ಅನ್ನುತ್ತಾರೆ. ಕೋಚ್ ತಲೆ ತಗ್ಗಿಸುತ್ತಾರೆ.

"ಸಿನಿಮಾ ಮಾಡ್ತಿದ್ದೀರಾ? ಎಲ್ಲರೂ ಬೂಟು ನೋಡ್ಕೊಂಡು ನಿಂತಿದ್ರು. ಆಮೇಲೆ ಗೋಲ್‌ಕೀಪರ್ ಒಬ್ಬಳೇ ಮೆಲ್ಲಗೆ, 'ಮೇಡಂ, ನಂದು ಆರು ಅಂತ ತಿದ್ಕೊಳ್ಳಿ' ಅಂದ್ಲು. ಅಷ್ಟೇ. ಅವಳಿಗೆ ಅದೇ ದೊಡ್ಡದು."

ಆ) ಗೋಡೆ ಬೆಂಚಿನಲ್ಲಿ. ತಂಡ ಸೋಲುತ್ತದೆ. ಕೋಚ್‌ಗೆ ಪಶ್ಚಾತ್ತಾಪ.

"ನಾನು ಸರಿ ಅಂತ ತೋರಿಸೋಕೆ ನನ್ನ ತಂಡ ಸೋಲ್ಬೇಕಾ?"

ಇ) ಕೊನೆಯ ನಿಮಿಷದಲ್ಲಿ ಗೋಡೆ ಗೋಲು ಹೊಡೆಯುತ್ತಾಳೆ.

"ನಾನು ಡಿಫೆಂಡರ್ ಕಣ್ರೀ."

8

ಈಗ ಶುಕ್ರವಾರ ಸಂಜೆ. ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ನಾಳೆ ಆಡುವವರ ಟೀಮ್ ಶೀಟ್ ಅಂಟಿಸಬೇಕು. ಕೋಚ್ ಕೈಯಲ್ಲಿ ಪೆನ್ನಿದೆ, ಆ ಕೈ ನನ್ನ ಕೈಯಲ್ಲಿದೆ. ಒಂದು ಹೆಸರು ಬರೆದರೆ ಸಂಪಾದಕರಿಗೂ ಸಮಾಧಾನ, ನಿಮಗೂ ನಿದ್ದೆ.

"ಮುಗಿಸಬೇಡಿ," ಎಂದಳು ಗೋಡೆ. "ನೀವು ಮುಗಿಸಿದ್ರೆ ನಾನು ಎಲ್ಲಾದ್ರೂ ಒಂದು ಕಡೆ ಕೂರಲೇಬೇಕು. ಬೆಂಚಲ್ಲೋ, ನಿಮ್ಮ ಕೊನೇ ಸಾಲಲ್ಲೋ. ನಾನು ಕೂರಲ್ಲ."

"ಓದೋರು ಬೈತಾರೆ," ಎಂದೆ.

"ಬೈಲಿ. ಅದಿರ್ಲಿ, ಇದನ್ನ ಬರೆಯೋಕೆ ನಿಮಗೆ ಎಷ್ಟು ಕಷ್ಟ ಆಯ್ತು? ಹತ್ತಕ್ಕೆ?"

ಬಾಯಿಗೆ ನಾಲ್ಕು ಬಂದಿತ್ತು. ನುಂಗಿಕೊಂಡೆ. "ಒಂಬತ್ತು."

"ಹಾಗಾದ್ರೆ ನಿಲ್ಲಿಸ್ತೀರಾ?"

"ಕಷ್ಟ ಆಯ್ತು ಅಂದೆ," ಎಂದೆ.

ಅವಳು ನಕ್ಕಳು. ಎದೆಯ ಪಟ್ಟಿಯನ್ನು ನಲ್ಲಿಯ ನೀರಿನಲ್ಲಿ ಒದ್ದೆ ಮಾಡಿ ಬಿಗಿದುಕೊಂಡು, "ಮೇಡಂ, ಡಬ್ಬಿ ಆನ್ ಮಾಡಿ," ಎಂದು ಕೂಗುತ್ತಾ ಹುಲ್ಲಿಗಿಳಿದಳು. ಬಾಗಿಲಿನ ಮೇಲೆ ಇನ್ನೂ ಏನೂ ಅಂಟಿಸಿಲ್ಲ. ನೀವು ಕೂತು ಓದುತ್ತಿದ್ದೀರಿ, ಅವಳು ಓಡುತ್ತಿದ್ದಾಳೆ.