ಕೈಗೆ ಜಾಗ

ವಾಮಂಜೂರಿನ ಶೆಡ್ಡಿನಲ್ಲಿ ಗೇರುಬೀಜ ಒಡೆಯುವ ಹೊಸ ಯಂತ್ರದ ಚೌಕಟ್ಟು ನೆಲದ ಮೇಲಿತ್ತು. ಅದರ ಮುಂದೆ ಮಣೆ ಹಾಕಿ ಕುಳಿತ ಹಿರಿಯ ಫಿಟ್ಟರ್ ನೋಣಯ್ಯನವರಿಗೆ ತೃಪ್ತಿ ಎಆರ್ ಕನ್ನಡಕ ತೊಡಿಸಿದಳು. ಯಾವ ಭಾಗ ಎಲ್ಲಿ ಕೂರಬೇಕೆಂಬುದನ್ನು ಅದು ಚೌಕಟ್ಟಿನ ಮೇಲೆಯೇ ನೀಲಿ ಗೆರೆಗಳಲ್ಲಿ ತೋರಿಸುತ್ತಿತ್ತು. ವಿನ್ಯಾಸವೂ ಅವಳದು, ಹದಿನಾಲ್ಕು ಹಂತಗಳ ಜೋಡಣೆಯ ಕ್ರಮವೂ ಅವಳದು. ನೋಣಯ್ಯ ಯಾರನ್ನೂ ಕೇಳದೆ ಇಂದು ಜೋಡಣೆ ಮುಗಿಸಿದರೆ ಮುಂದಿನ ಯಂತ್ರಗಳ ಜೋಡಣೆಯೂ ಹೀಗೆಯೇ; ಇಲ್ಲವಾದರೆ ಕನ್ನಡಕ ತಂದಲ್ಲಿಗೆ ವಾಪಸು, ತೃಪ್ತಿ ಕಾಗದದ ನಕ್ಷೆಗೆ ವಾಪಸು ಎಂದು ಮಾಲಕ ಡೆನ್ಜಿಲ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಏಳನೆಯ ಹಂತದಲ್ಲಿ ಪಕ್ಕದ ತಗಡು ಸಲೀಸಾಗಿ ಕೂತಿತು. ಎಂಟರಲ್ಲಿ, ಆ ತಗಡಿನ ಆಧಾರದ ಮೇಲೆ ನಿಲ್ಲುವ, ಬೀಜ ಸೀಳುವ ಅಲಗಿನ ಕೆಳಗಿನ ಬೋಲ್ಟ್ ಬಿಗಿಯಬೇಕಿತ್ತು. ನೋಣಯ್ಯ ಸ್ಪ್ಯಾನರ್ ಹಿಡಿದು ಅತ್ತಿಂದ ನೋಡಿದರು, ಇತ್ತಿಂದ ನೋಡಿದರು, ಕೊನೆಗೆ ಕನ್ನಡಕ ತೆಗೆದರು.

“ಎಂತ ಮಾರಾಯ್ತಿ, ಇದರಲ್ಲಿ ಬೋಲ್ಟಿಗೆ ಜಾಗ ಉಂಟು. ನನ್ನ ಕೈಗೆ ಎಲ್ಲುಂಟು?”

ಚೌಕಟ್ಟನ್ನು ಮೇಜಿನ ಮೇಲಿಟ್ಟು ನಿಂತು ಮಾಡಬಹುದಲ್ಲ ಎಂದರು ಡೆನ್ಜಿಲ್. ಮೂವತ್ತು ವರ್ಷ ಕೂತೇ ಜೋಡಿಸಿದವನಿಗೆ ಈಗ ನಿಲ್ಲಲು ಸೊಂಟ ಒಪ್ಪಬೇಕಲ್ಲ ಎಂದರು ನೋಣಯ್ಯ.

ತೃಪ್ತಿಗೆ ತಪ್ಪು ಹೊಳೆಯಿತು. ಅವಳು ಎಲ್ಲವನ್ನೂ ಆಫೀಸಿನ ಮೇಜಿನ ಬಳಿ ನಿಂತು ಪರೀಕ್ಷಿಸಿದ್ದಳು. ನಿಂತವರ ಕೈ ಮೇಲಿನಿಂದ ಇಳಿಯುತ್ತದೆ; ಮಣೆಯ ಮೇಲೆ ಕೂತವರ ಕೈ ಪಕ್ಕದಿಂದ ಹೋಗುತ್ತದೆ. ಆ ಪಕ್ಕವನ್ನೇ ಅವಳು ತಗಡಿನಿಂದ ಮುಚ್ಚಿದ್ದಳು. ಮೇಜು ತರಿಸಿದರೆ ಇವತ್ತಿನ ಪರೀಕ್ಷೆ ಗೆದ್ದೀತು, ನೆಲದಲ್ಲಿ ಕೂತು ಜೋಡಿಸುವವರಿಗೆ ಒಗ್ಗದ ಯೋಜನೆ ಗೆಲ್ಲದು.

“ಮೇಜು ಬೇಡ ಸರ್. ನಾಲ್ಕು ಗಂಟೆಯವರೆಗೆ ಸಮಯ ಕೊಡಿ, ತಗಡನ್ನೇ ಬದಲಾಯಿಸ್ತೇನೆ.”

ಡೆನ್ಜಿಲ್ ಗಡಿಯಾರ ನೋಡಿ ತಲೆಯಾಡಿಸಿದರು. ತೃಪ್ತಿ ಶಾಲನ್ನು ಸೊಂಟಕ್ಕೆ ಬಿಗಿದು, ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತಳು. ನೋಣಯ್ಯನವರ ಮುಷ್ಟಿಯ ಅಗಲ, ಸ್ಪ್ಯಾನರ್ ತಿರುಗುವ ಸುತ್ತು ಎರಡನ್ನೂ ಅಳೆದಳು. ಕನ್ನಡಕದೊಳಗೆ ಕಾಣುವ ತಗಡಿನ ಮೇಲೆ ಬೆಳಕಿನ ಗೆರೆಯಲ್ಲಿ ರಂಧ್ರವೊಂದನ್ನು ಬರೆದು, ಅವರ ಕೈ ಎಲ್ಲಿಯೂ ಅಂಚಿಗೆ ತಾಗದಂತಾಗುವವರೆಗೆ ಕೂದಲೆಳೆಯಷ್ಟು ಸರಿಸುತ್ತ ಹೋದಳು. ಒಂಬತ್ತನೆಯ ಸಲಕ್ಕೆ ಸರಿಯಾಯಿತು. ಅದೇ ಅಳತೆಗೆ ತಗಡು ಕತ್ತರಿಸಿ, ಅಂಚು ನುಣುಪು ಮಾಡಿ, ಅಲ್ಲಿಯವರೆಗೆ ಜೋಡಿಸಿದ್ದನ್ನೆಲ್ಲ ಬಿಚ್ಚಿಟ್ಟರು. ನೋಣಯ್ಯ ಕನ್ನಡಕ ತೊಟ್ಟು ಮತ್ತೆ ಮೊದಲಿನಿಂದ ಶುರುಮಾಡಿದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಹದಿನಾಲ್ಕನೆಯ ಹಂತ ಮುಗಿಯಿತು. ನಡುವೆ ಅವರು ಯಾರನ್ನೂ ಏನೂ ಕೇಳಿರಲಿಲ್ಲ. ಹೇಗಾಯಿತೆಂದು ಡೆನ್ಜಿಲ್ ವಿಚಾರಿಸಿದರು.

“ಕನ್ನಡಕ ಅಡ್ಡಿಲ್ಲ ಸಾರ್, ಇಲ್ಲೇ ಇರಲಿ,” ಎಂದರು ನೋಣಯ್ಯ, “ಆದರೆ ಇನ್ನು ಮುಂದೆ ಇವಳು ನೆಲದಲ್ಲಿ ಕೂತೇ ಯಂತ್ರ ಬರೆಯಲಿ.”