ನೇರ ರಸ್ತೆಗೆ ಅಡ್ಡ ಬಂದ ಬಾವಿ

ಕಲಬುರಗಿಯ ಆ ರಸ್ತೆ ಕಚೇರಿಯನ್ನು ನಿಜಾಮರ ಕಾಲದಲ್ಲಿ ಕಟ್ಟಿದ್ದೇ ಜನರನ್ನು ಹೆದರಿಸಲಿಕ್ಕೆ. ಕಟ್ಟಡದ ನಕ್ಷೆ ಬರೆದವನು ಹೈದರಾಬಾದಿನಿಂದ ಬಂದ ಬಿಳಿಯ ಇಂಜಿನಿಯರ್. ಏರಿದವರಿಗೆ ಏದುಸಿರು ಬರುವ ಮೆಟ್ಟಿಲು, ತಬ್ಬಿದರೆ ತೋಳಿಗೆ ಸಿಗದ ಕಂಬ, ಮೇಲೊಂದು ಗುಮ್ಮಟ. ರಸ್ತೆ ಸಾಹೇಬನ ಕುರ್ಚಿ ಎತ್ತರದ ಕಟ್ಟೆಯ ಮೇಲೆ, ನೆರಳಲ್ಲಿ. ಬೇಡಲು ಬಂದವರು ಕೆಳಗೆ ಸುಡುವ ಪರಸಿಕಲ್ಲಿನ ಮೇಲೆ. ನೆರಳನ್ನು ಸಹ ಅಳೆದು ಹಂಚಿದ್ದರು, ಥೂ.

ಕಮಲಾಪುರದ ಕಸ್ತೂರಿಬಾಯಿ ಗಂಡ ಸೂಗಪ್ಪನ ಜೊತೆ ಅಲ್ಲಿಗೆ ಬಂದದ್ದು ಬಾವಿ ಉಳಿಸಿಕೊಳ್ಳಲು. ತವರಿನ ಬಂಗಾರ ಹಾಕಿ ತೋಡಿಸಿದ ಬಾವಿ. ಅವರ ಬಾಳೆತೋಟ ಬದುಕಿದ್ದೇ ಅದರಿಂದ. ಹೊಸ ರಸ್ತೆಯ ಸುಣ್ಣದ ಗೆರೆ ಸರಿಯಾಗಿ ಅದರ ಮೇಲೇ ಹಾದಿತ್ತು.

ಕಂಬ, ಗುಮ್ಮಟ ಕಂಡದ್ದೇ ಸೂಗಪ್ಪನಿಗೆ ಗುಡಿಯೊಳಗೆ ಕಾಲಿಟ್ಟಂತಾಯಿತು. ಚಪ್ಪಲಿ ಬಿಟ್ಟ, ಹೊಸ್ತಿಲಿಗೆ ಹಣೆ ಮುಟ್ಟಿಸಿದ. ಸಾಹೇಬ ಹೊಟ್ಟೆ ಕುಣಿಸಿ ನಕ್ಕ. ಅವನಿಗೆ ಅದು ಎಷ್ಟು ರುಚಿಸಿತೆಂದರೆ, ಮಾರನೆಯ ದಿನದಿಂದ ಯಾರೇ ಬಂದರೂ ಮೆಟ್ಟಿಲ ಕೆಳಗೇ ಚಪ್ಪಲಿ ಬಿಡಬೇಕೆಂದು ಹುಕುಂ ಹೊರಡಿಸಿದ.

ಬಾವಿಯ ಮಾತಿಗೆ ಮಾತ್ರ ಆಗದೆಂದು ತಲೆಯಾಡಿಸಿದ.

"ಸಡಕ್ ಸೀದಾ ಇರಬೇಕು. ನಮ್ಮ ಬಂಗಲೆದಾಗ ಕುಂತು ನೋಡಿದ್ರ ಯಾರು ಬರ್ತಾರ, ಯಾರು ಹೋಗ್ತಾರ, ಎಲ್ಲಾ ಕಾಣಬೇಕು."

ಅಷ್ಟರಲ್ಲಿ ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಆಳ್ವಿಕೆ ಮುಗಿಯಿತು. ಸಾಹೇಬ ಹೋದ, ಕೆಲಸ ನಿಂತಿತು. ಮಳೆಗೆ ಸುಣ್ಣ ತೊಳೆದುಹೋದದ್ದು ನೋಡಿ ಕಸ್ತೂರಿಬಾಯಿ ಊರಿಗೆಲ್ಲ ಸಕ್ಕರೆ ಹಂಚಿದಳು.

ಮರುವರ್ಷ ಗೆರೆ ಮತ್ತೆ ಬಿತ್ತು. ಗಂಡ ಹೆಂಡತಿ ಮತ್ತೆ ಕಚೇರಿಗೆ ಓಡಿದರು. ಈಗಿನ ಸಾಹೇಬ ಬಿಳಿ ಟೋಪಿಯವನು, ಕನ್ನಡದವನು. ಕುರ್ಚಿ ಮಾತ್ರ ಅದೇ ಕಟ್ಟೆಯ ಮೇಲಿತ್ತು.

"ಚಪ್ಪಲಿ ಬಿಡ್ರಿ. ಇದು ನಿಮ್ಮ ಮಂದೀನೇ ಹಾಕಿದ ರೂಢಿ ಅದ," ಎಂದ ಜವಾನ.

ಸೂಗಪ್ಪ ಆಗಲೇ ಬಿಟ್ಟಾಗಿತ್ತು. ಕಸ್ತೂರಿಬಾಯಿಗೆ ಮೈಯೆಲ್ಲ ಉರಿಯಿತು.

"ಒಂದ್ ನಾಕ್ ಮಾರು ಸರಸ್ರಿ ಸಾಹೇಬ್ರ. ಬಾವಿ ಉಳೀತದ," ಎಂದಳು.

"ಎಷ್ಟು ಛಂದ ಗೆರಿ ಎಳದಾರ ನೋಡವ್ವ! ಕೆಡಸಾಕ ಮನಸ್ಸ ಬರಂಗಿಲ್ಲ," ಎಂದ ಸಾಹೇಬ, ಗೋಡೆಯ ನಕ್ಷೆಯನ್ನು ಪ್ರೀತಿಯಿಂದ ಸವರುತ್ತ.

"ಖರೇ ಅದರೀ," ಎಂದುಬಿಟ್ಟ ಸೂಗಪ್ಪ.

ಆ ಮಾತು ಕೇಳಿ ಕಸ್ತೂರಿಬಾಯಿಗೆ ಹೇಸಿಗೆಯಾಯಿತು. ಸಾಹೇಬನ ಮೇಲಲ್ಲ, ಗಂಡನ ಮೇಲೆ. ದಾರಿಯುದ್ದಕ್ಕೂ ಅವಳು ಅವನ ಮುಖ ನೋಡಲಿಲ್ಲ.

ಬಾವಿ ಮುಚ್ಚುವ ದಿನ ತೋಟದಲ್ಲಿ ಶಾಮಿಯಾನ ಎದ್ದಿತು. ಅಲ್ಲಿಯೂ ಸಾಹೇಬನಿಗೆ ಎತ್ತರದ ಜಾಗ, ಕೆಳಗೆ ಊರಿನವರು. ಕಸ್ತೂರಿಬಾಯಿ ಯಾರ ಕಡೆಗೂ ನೋಡದೆ ಬಾವಿಗೆ ಕೊಡ ಇಳಿಬಿಟ್ಟು ನೀರು ಸೇದುತ್ತಿದ್ದಳು. ಸರಿ ಎಂದರೆ ಸರಿಯುವವಳಲ್ಲ.

"ಮೊದಲನೇ ಬುಟ್ಟಿ ಮಣ್ಣು ಮಾಲಕರೇ ಹಾಕ್ಲಿ. ಅವರಿಗೆ ಮರ್ಯಾದಿ," ಎಂದ ಸಾಹೇಬ.

ಸೂಗಪ್ಪ ಬರಿಗಾಲಲ್ಲಿ ಬಂದ. ಬುಟ್ಟಿ ಎತ್ತಿದ. ಬಾವಿಯೊಳಗೆ ಹೆಂಡತಿಯ ಕೊಡ ಅರ್ಧಕ್ಕೆ ಬಂದಿತ್ತು. ಅದು ಕಂಡರೂ ಸುರಿದ.

ಕಸ್ತೂರಿಬಾಯಿ ಹಗ್ಗ ಜಗ್ಗಿ ಕೊಡ ಮೇಲೆತ್ತಿದಳು. ನೀರಿಲ್ಲ, ರಾಡಿ. ಎರಡೂ ಕೈಯಲ್ಲಿ ಹಿಡಿದು ತಂದು ಗಂಡನ ಬಾಯಿಯ ಹತ್ತಿರ ಒಡ್ಡಿದಳು.

"ತೊಗೋರಿ, ಕುಡೀರಿ. ನಿಮ್ ಕೈಲೇ ಹಾಕಿದ್ದು."

ಸೂಗಪ್ಪ ಕೊಡಕ್ಕೆ ಕೈ ಚಾಚುವ ಮೊದಲು, ಕುಡಿಯಲೋ ಬೇಡವೋ ಎಂದು ಸಾಹೇಬನ ಮುಖ ನೋಡಿದ.